ಈ ವರ್ಷ ನಕ್ಷತ್ರ ಕಟ್ಟಬೇಕಾ? ದುಃಖದ ಮನೆಗೆ ಆಗಮನ ಕಾಲ ಬಂದಾಗ ಪದೇ ಪದೇ ಕೇಳುವ ಪ್ರಶ್ನೆಗಳು

ಮೂರು ವರ್ಷದ ಹಿಂದೆ, ನವೆಂಬರ್ ಮೊದಲ ವಾರದಲ್ಲಿ ನಮ್ಮ ಮನೆಯವರು ತೀರಿಕೊಂಡರು. ಮೂವತ್ತನೇ ದಿನದ ಪೂಜೆ ಮುಗಿಸಿ ಹೊರಗೆ ಬರುವಷ್ಟರಲ್ಲಿ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಅಂಗಡಿಗಳ ಮುಂದೆ ಕಾಗದದ ನಕ್ಷತ್ರಗಳು ನೇತಾಡುತ್ತಿದ್ದವು. ಆ ಡಿಸೆಂಬರ್ ಹೇಗೆ ಕಳೆಯಿತೋ ನನಗೇ ಸರಿಯಾಗಿ ನೆನಪಿಲ್ಲ. ಆಮೇಲಿಂದ ನಮ್ಮ ಚರ್ಚಿನ ವಾರ್ಡಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಒಬ್ಬರಲ್ಲ ಒಬ್ಬರು ನನ್ನ ಹತ್ತಿರ ಬಂದು ಏನಾದರೂ ಕೇಳುತ್ತಾರೆ. ಗುರುಗಳನ್ನು ಕೇಳಲು ಸಂಕೋಚ ಆಗುವ ಪ್ರಶ್ನೆಗಳೇ ಜಾಸ್ತಿ. ಅವನ್ನೇ ಇಲ್ಲಿ ಬರೆದಿದ್ದೇನೆ. ನಾನು ಕಥೋಲಿಕಳು, ಹಾಗಾಗಿ ಪದ್ಧತಿಯ ಮಾತು ಬಂದಲ್ಲಿ ನಮ್ಮ ಕಡೆಯದನ್ನೇ ಹೇಳಿದ್ದೇನೆ. ಸಿಎಸ್‌ಐ ಎಂಬ ಪ್ರೊಟೆಸ್ಟೆಂಟ್ ಸಭೆಯವರಿಗೂ ಇದರಲ್ಲಿ ಮುಕ್ಕಾಲು ಭಾಗ ಹೊಂದುತ್ತದೆ.

ಆಗಮನ ಕಾಲ ಅಂದರೆ ಕ್ರಿಸ್‌ಮಸ್ಸೇ ಅಲ್ವಾ?

ಅಲ್ಲ. ದುಃಖದಲ್ಲಿರುವವರು ಮೊದಲು ತಿಳಿಯಬೇಕಾದದ್ದೇ ಇದು.

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಕಾಲ ಇದು. ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುವ ಭಾನುವಾರ ಶುರುವಾಗುತ್ತದೆ. 2025ರಲ್ಲಿ ನವೆಂಬರ್ 30, 2026ರಲ್ಲಿ ನವೆಂಬರ್ 29. ಕಡಿಮೆ ಅಂದರೆ 22 ದಿನ, ಹೆಚ್ಚೆಂದರೆ 28 ದಿನ.

ಈ ದಿನಗಳಲ್ಲಿ ಚರ್ಚ್ ಒಳಗೆ ಹೋಗಿ ನೋಡಿ. ಗುರುಗಳ ಉಡುಪು ನೇರಳೆ ಬಣ್ಣ. ಭಾನುವಾರದ ಪೂಜೆಯಲ್ಲಿ 'ಗ್ಲೋರಿಯಾ' ಎಂಬ ಸ್ತುತಿಗೀತೆ ಹಾಡುವುದಿಲ್ಲ. ಪೀಠದ ಮೇಲೆ ಹೂವಿನ ರಾಶಿ ಇರುವುದಿಲ್ಲ. ಹಬ್ಬ ಇನ್ನೂ ಬಂದಿಲ್ಲ, ಬರಲಿ ಎಂದು ಕಾಯುತ್ತಿದ್ದೇವೆ ಅಂತ ಇದರ ಅರ್ಥ. ಗಡಿಬಿಡಿ ಎಲ್ಲ ಅಂಗಡಿಯದ್ದು. ಚರ್ಚಿನ ಕ್ಯಾಲೆಂಡರಿನಲ್ಲಿ ಹಬ್ಬಕ್ಕೆ ಮೊದಲು ಸುಮಾರು ನಾಲ್ಕು ವಾರ ಸುಮ್ಮನಿರುವುದಕ್ಕೇ ಜಾಗ ಇದೆ.

ನನಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಧರ್ಮೋಪದೇಶ ತರಗತಿಯಲ್ಲಿ ನಾನೇ ಮಕ್ಕಳಿಗೆ ಕಲಿಸಿದ್ದೆ. ಆದರೆ ಆ ವರ್ಷ ಗ್ಲೋರಿಯಾ ಇಲ್ಲದ ಪೂಜೆಯಲ್ಲಿ ಕೂತಾಗ ಮೊದಲ ಸಲ ಮನಸ್ಸು ಹಗುರಾಯಿತು. ನಾನು ನಗುಮುಖ ಹಾಕಿಕೊಂಡು ಕೂರಬೇಕು ಅಂತ ಇಲ್ಲಿ ಯಾರೂ ಕೇಳುತ್ತಿಲ್ಲ ಅನ್ನಿಸಿತು.

ಸಾವಾಗಿ ವರ್ಷ ತುಂಬಿಲ್ಲ. ನಕ್ಷತ್ರ ಕಟ್ಟಬಹುದಾ? ಯೇಸು ಹುಟ್ಟಿದ ಕೊಟ್ಟಿಗೆಯ ಗೋದಲಿ ಮಾಡಬಹುದಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕಟ್ಟಬಾರದು ಅಂತ ಧರ್ಮಸಭೆಯ ನಿಯಮ ಯಾವುದೂ ಇಲ್ಲ. ಕಟ್ಟಲೇಬೇಕು ಅಂತಲೂ ಇಲ್ಲ.

ವರ್ಷ ತುಂಬುವ ತನಕ ಹಬ್ಬ ಇಲ್ಲ ಅನ್ನುವುದು ನಮ್ಮ ನಾಡಿನ ಪದ್ಧತಿ. ಅಕ್ಕಪಕ್ಕದ ಮನೆಗಳಲ್ಲಿ ಯುಗಾದಿ, ದೀಪಾವಳಿಗೆ ಹೇಗೋ ನಮಗೂ ಹಾಗೇ. ಇದನ್ನು ಮೂಢನಂಬಿಕೆ ಅಂತ ತಳ್ಳಿಹಾಕುವವರು ಇದ್ದಾರೆ. ನಾನು ಹಾಗೆ ಹೇಳುವುದಿಲ್ಲ. ದುಃಖದಲ್ಲಿರುವ ಹೆಂಗಸಿಗೆ ಒಂದು ವರ್ಷ ಒಲೆಯ ಮುಂದೆ ನಿಂತು ಹಬ್ಬದಡುಗೆ ಮಾಡುವುದರಿಂದ ಬಿಡುವು ಕೊಟ್ಟದ್ದು ಇದೇ ಪದ್ಧತಿ. ಆದರೆ ಮನೆಯಲ್ಲಿ ಪುಟ್ಟ ಮಕ್ಕಳಿದ್ದು, ಅವರು ನಕ್ಷತ್ರ ಬೇಕು ಅಂತ ಅಳುತ್ತಿದ್ದರೆ, 'ಸೂತಕ' ಅಂತ ಅವರ ಬಾಯಿ ಮುಚ್ಚಿಸುವುದೂ ಸರಿಯಲ್ಲ.

ನಾವು ಮೊದಲ ವರ್ಷ ನಕ್ಷತ್ರ ಕಟ್ಟಿದೆವು, ದೀಪ ಹಾಕಲಿಲ್ಲ. 24ರ ರಾತ್ರಿ ಮಗಳು ಯಾರನ್ನೂ ಕೇಳದೆ ಸ್ವಿಚ್ ಹಾಕಿದಳು. ಅತ್ತೆ ಏನೂ ಅನ್ನಲಿಲ್ಲ. ಗೋದಲಿಗೆ ಹುಲ್ಲು, ಪಾಚಿ ತರಲು ಹೋಗಲಿಲ್ಲ. ಹಳೇ ಸೀರೆಯೊಂದನ್ನು ಹಾಸಿ ಮೂರೇ ಮೂರು ಗೊಂಬೆ ಇಟ್ಟೆವು. ಹಬ್ಬದ ತಿಂಡಿ ಕುಸ್ವಾರ್ ಮಾಡಲಿಲ್ಲ. ಪಕ್ಕದ ಮನೆಯವರು ಒಂದು ಡಬ್ಬಿ ಕೊಟ್ಟರು, ತಿಂದೆವು. ಅಷ್ಟೇ.

ನಾನು ಗಂಡನನ್ನು ಕಳೆದುಕೊಂಡವಳು. ಆಗಮನ ಕಾಲದ ನಾಲ್ಕು ಭಾನುವಾರಕ್ಕೆ ಒಂದೊಂದರಂತೆ ಹಚ್ಚುವ ಮೇಣದಬತ್ತಿಗಳಲ್ಲಿ ಮೊದಲನೆಯದನ್ನು ನಾನು ಹಚ್ಚುವುದು ಬೇಡ ಅಂತ ಮನೆಯ ಹಿರಿಯರು ಹೇಳುತ್ತಾರೆ. ಏನು ಮಾಡಲಿ?

ಹಚ್ಚಿ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು, ಆದರೆ ಈ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟಿದೆ. ಮುತ್ತೈದೆ ಮುಂದೆ, ಉಳಿದವರು ಹಿಂದೆ ಅನ್ನುವ ಅಭ್ಯಾಸ ನಮ್ಮ ಕ್ರೈಸ್ತ ಮನೆಗಳಲ್ಲೂ ಹಾಗೇ ಉಳಿದುಕೊಂಡಿದೆ. ಮದುವೆಯ ರೋಸ್ ಶಾಸ್ತ್ರದಲ್ಲಿ ತೆಂಗಿನ ಹಾಲು ಹಚ್ಚಲು ಯಾರನ್ನು ಕರೆಯುತ್ತಾರೆ, ಯಾರನ್ನು ಕರೆಯುವುದಿಲ್ಲ, ನೋಡಿದ್ದೀರಲ್ಲ. ನನ್ನನ್ನೂ ಒಂದು ಮನೆಯಲ್ಲಿ ಹೀಗೇ ಪಕ್ಕಕ್ಕೆ ಕೂರಿಸಿದರು. ಪ್ರೀತಿಯಿಂದಲೇ ಕೂರಿಸಿದರು, ಅದೇ ಇನ್ನೂ ಕಷ್ಟ.

ಈಗ ಲೂಕನ ಶುಭಸಂದೇಶದ ಎರಡನೇ ಅಧ್ಯಾಯ ತೆಗೆಯಿರಿ. ಕೂಸು ಯೇಸುವನ್ನು ಜೆರುಸಲೇಮಿನ ದೇವಾಲಯಕ್ಕೆ ತಂದಾಗ ಎದುರಾಗುವವರು ಇಬ್ಬರು. ಒಬ್ಬರು ಮುದುಕ ಸಿಮೆಯೋನ. ಇನ್ನೊಬ್ಬರು ಅನ್ನ. ಮದುವೆಯಾಗಿ ಏಳೇ ವರ್ಷಕ್ಕೆ ಗಂಡ ಸತ್ತ. ಲೂಕ ಹೇಳುವಂತೆ ಆಗ ಆಕೆ 84 ವರ್ಷದ ವಿಧವೆ. ಹಗಲೂ ರಾತ್ರಿ ದೇವಾಲಯ ಬಿಟ್ಟು ಕದಲದ ಹೆಂಗಸು. ಮಗುವನ್ನು ಕಂಡ ಕೂಡಲೇ ದೇವರಿಗೆ ವಂದನೆ ಹೇಳಿ, ಬಿಡುಗಡೆಗಾಗಿ ಕಾಯುತ್ತಿದ್ದ ಎಲ್ಲರಿಗೂ ಆ ಮಗುವಿನ ವಿಷಯ ಹೇಳಲು ಶುರುಮಾಡಿದಳು. ಅಪಶಕುನ ಅಂತ ಆಕೆಯನ್ನು ಯಾರೂ ಹಿಂದೆ ನಿಲ್ಲಿಸಲಿಲ್ಲ. ಕಾಯುವುದು ಅಂದರೆ ಏನು ಅಂತ ಆ ದೇವಾಲಯದಲ್ಲಿ ಆಕೆಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

ಹಿರಿಯರ ಜೊತೆ ಜಗಳ ಬೇಡ. ಮೇಣದಬತ್ತಿ ಹಚ್ಚುವ ಮುಂಚೆ ಈ ಮೂರು ವಚನ ಅವರಿಂದಲೇ ಓದಿಸಿ. ಲೂಕ 2, ವಚನ 36ರಿಂದ 38. ನಮ್ಮತ್ತೆಯಿಂದ ಓದಿಸಿದೆ. ಓದಿ ಮುಗಿಸಿ ಬೆಂಕಿಪೊಟ್ಟಣ ನನ್ನ ಕೈಗೆ ಕೊಟ್ಟರು.

ನಾಲ್ಕು ಮೇಣದಬತ್ತಿಯ ಆ ಚಕ್ರ ಎಲ್ಲಿಂದ ಬಂತು? ಮನೆಯಲ್ಲಿ ಮಾಡುವುದು ಹೇಗೆ?

1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಯೋಹಾನ್ ಹಿನ್ರಿಷ್ ವಿಷರ್ನ್ ಎಂಬ ಪಾದ್ರಿ ಬಡಮಕ್ಕಳ ಮನೆಯೊಂದನ್ನು ನಡೆಸುತ್ತಿದ್ದರು. ಕ್ರಿಸ್‌ಮಸ್ ಯಾವತ್ತು, ಯಾವತ್ತು ಅಂತ ಮಕ್ಕಳು ದಿನಾ ಕೇಳುತ್ತಿದ್ದರಂತೆ. ಅವರು ಗಾಡಿಚಕ್ರವೊಂದರ ಮೇಲೆ ವಾರದ ದಿನಗಳಿಗೆ ಚಿಕ್ಕ ಕೆಂಪು ಮೇಣದಬತ್ತಿ, ಭಾನುವಾರಗಳಿಗೆ ನಾಲ್ಕು ದೊಡ್ಡ ಬಿಳಿ ಮೇಣದಬತ್ತಿ ಇಟ್ಟರು. ಆಮೇಲೆ ಅದು ಎಲ್ಲ ಕಡೆ ಹಬ್ಬಿ, ನಾಲ್ಕೇ ಮೇಣದಬತ್ತಿಯ ಚಕ್ರವಾಯಿತು. ಅಂದರೆ ಇದು ಮನೆಯ ಆಸರೆ ಇಲ್ಲದ ಮಕ್ಕಳಿಗಾಗಿ ಹುಟ್ಟಿದ ವಸ್ತು. ಈಗ ಅಂಗಡಿಯಲ್ಲಿ ಪ್ಲಾಸ್ಟಿಕ್ ಎಲೆ, ಮಿಂಚುಪುಡಿ ಹಾಕಿ ಮಾರುವುದನ್ನು ನೋಡಿದರೆ ಅದು ನೆನಪಾಗುವುದೇ ಇಲ್ಲ.

ಒಂದು ಸ್ಟೀಲ್ ತಟ್ಟೆ ಸಾಕು. ತೋಟದ ಬೇಲಿಯಲ್ಲಿ ಸಿಗುವ ಜರಿಗಿಡ, ಸಿಲ್ವರ್ ಓಕ್ ಎಲೆ ಸುತ್ತಲೂ ಇಡಿ. ಮೂರು ನೇರಳೆ, ಒಂದು ಗುಲಾಬಿ ಮೇಣದಬತ್ತಿ ಪದ್ಧತಿ. ಗುಲಾಬಿ ಬಣ್ಣದ್ದು ಮೂರನೇ ಭಾನುವಾರಕ್ಕೆ. ಸಿಗದಿದ್ದರೆ ಕರೆಂಟ್ ಹೋದಾಗ ಹಚ್ಚುವ ಬಿಳಿ ಮೇಣದಬತ್ತಿಯೇ ಇರಲಿ.

ನಾಲ್ಕಕ್ಕೆ ಭರವಸೆ, ಶಾಂತಿ, ಆನಂದ, ಪ್ರೀತಿ ಅಂತ ಹೆಸರು ಹೇಳುತ್ತಾರೆ. ಕ್ರಮ ಒಂದೊಂದು ಕಡೆ ಒಂದೊಂದು ಥರ. ಮೂರನೇ ವಾರ ಆನಂದದ ಮೇಣದಬತ್ತಿ ಹಚ್ಚಲು ಆ ವರ್ಷ ನನಗೆ ಮನಸ್ಸೇ ಬರಲಿಲ್ಲ. ಮಗಳು ಹಚ್ಚಿದಳು, ನಾನು ಪಕ್ಕದಲ್ಲಿ ಕೂತಿದ್ದೆ. ನಿಮ್ಮ ಕೈಲಾಗದ್ದನ್ನು ಮನೆಯಲ್ಲಿ ಇನ್ನೊಬ್ಬರು ಮಾಡಲಿ.

ದೇವರು ಪ್ರೀತಿ ಅಂತೀರಿ. ಹಾಗಾದರೆ ಇದು ಯಾಕಾಯಿತು?

ನನ್ನ ಹತ್ತಿರ ಉತ್ತರ ಇಲ್ಲ. ಇದೆ ಅನ್ನುವವರನ್ನು ಕಂಡರೆ ನನಗೆ ಸ್ವಲ್ಪ ಭಯ.

ಆಸ್ಪತ್ರೆಯ ವರಾಂಡದಲ್ಲೇ ಒಬ್ಬರು ನನಗೆ, 'ದೇವರಿಗೆ ಒಳ್ಳೆಯವರೇ ಬೇಕಾಗುತ್ತಾರಮ್ಮ' ಅಂದರು. ಹಾಗಾದರೆ ನಮ್ಮ ಮನೆಯವರು ಸ್ವಲ್ಪ ಕೆಟ್ಟವರಾಗಿದ್ದರೆ ಚೆನ್ನಾಗಿರುತ್ತಿತ್ತು ಅಂದುಕೊಂಡೆ. ಸಾವನ್ನು ದೇವರ ಆಸೆಬುರುಕತನ ಮಾಡುವ ಮಾತು ಅದು.

ಯೋವಾನ್ನನ ಶುಭಸಂದೇಶದ 11ನೇ ಅಧ್ಯಾಯದಲ್ಲಿ ಲಾಜರನ ಕಥೆ ಇದೆ. ಆತ ಸತ್ತು ಸಮಾಧಿಯಲ್ಲಿಟ್ಟು ನಾಲ್ಕು ದಿನ. ಯೇಸು ತಡವಾಗಿ ಬರುತ್ತಾರೆ. ಕಾಯಿಲೆಯ ಸುದ್ದಿ ಮುಟ್ಟಿದ ಮೇಲೂ ಎರಡು ದಿನ ಇದ್ದಲ್ಲೇ ಇದ್ದರು ಅಂತ ಅಲ್ಲೇ ಬರೆದಿದೆ. ಅಕ್ಕ ಮಾರ್ತಾ ಎದುರಿಗೆ ಹೋಗಿ, ನೀವು ಇಲ್ಲಿ ಇದ್ದಿದ್ದರೆ ನಮ್ಮ ತಮ್ಮ ಸಾಯುತ್ತಿರಲಿಲ್ಲ ಅನ್ನುತ್ತಾಳೆ. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಸಹೋದರಿ ಮರಿಯಳೂ ಅದೇ ಮಾತು. ಇಬ್ಬರೂ ಬೇರೆ ಬೇರೆಯಾಗಿ ಒಂದೇ ಮಾತು ಹೇಳಿದರು ಅಂದರೆ, ಆ ನಾಲ್ಕು ದಿನ ಮನೆಯಲ್ಲಿ ಅದೇ ಮಾತು ಸುತ್ತುತ್ತಿತ್ತು ಅಂತ ತಾನೇ? ಯೇಸು ಅವರನ್ನು ಗದರುವುದಿಲ್ಲ. ಯಾಕೆ ತಡವಾಯಿತು ಅಂತ ಅವರಿಗೆ ವಿವರಿಸುವುದೂ ಇಲ್ಲ. ಎಲ್ಲಿಟ್ಟಿದ್ದೀರಿ ಅಂತ ಕೇಳುತ್ತಾರೆ. ಅಳುತ್ತಾರೆ. ಇನ್ನು ಸ್ವಲ್ಪ ಹೊತ್ತಿಗೆ ತಾವೇ ಆತನನ್ನು ಎಬ್ಬಿಸುತ್ತೇವೆ ಅಂತ ಗೊತ್ತಿದ್ದೂ ಅಳುತ್ತಾರೆ.

ಆಗಮನ ಕಾಲದಲ್ಲಿ ನಾವು ಕರೆಯುವ ಹೆಸರು ಇಮ್ಮಾನುವೇಲ. ದೇವರು ನಮ್ಮ ಜೊತೆ ಅಂತ ಅದರ ಅರ್ಥ. ದೇವರು ನಮಗೆ ವಿವರಣೆ ಕೊಟ್ಟರು ಅಂತ ಅರ್ಥ ಇರುವ ಹೆಸರು ಬೈಬಲಿನಲ್ಲಿ ನನಗೆ ಎಲ್ಲೂ ಸಿಕ್ಕಿಲ್ಲ. ಜೊತೆಗಿರುವುದು ಹೇಗಿರುತ್ತದೆ ಅಂತ ಕೇಳಿದರೆ, ನನಗೆ ಅದು ಬಂದದ್ದು ಎದುರು ಮನೆಯ ಅಜ್ಜಿಯ ರೂಪದಲ್ಲಿ. ಅವರು ನಮ್ಮ ಧರ್ಮದವರಲ್ಲ. ಹದಿನೈದು ದಿನ, ಬೆಳಿಗ್ಗೆ ಆರೂವರೆಗೆ, ಒಂದು ಫ್ಲಾಸ್ಕ್ ಕಾಫಿ ಗೇಟಿಗೆ ನೇತುಹಾಕಿ ಹೋಗುತ್ತಿದ್ದರು. ಬಾಗಿಲು ತಟ್ಟುತ್ತಿರಲಿಲ್ಲ.

ದೇವರ ಮೇಲೆ ಕೋಪ ಬಂದಿದೆ. ಪಾಪವಾ?

ಕೋಪವನ್ನು ದೇವರಿಗೇ ಹೇಳುತ್ತಿದ್ದೀರಿ ಅಂದರೆ ಅದು ಪ್ರಾರ್ಥನೆ. ಕೀರ್ತನೆ 13 ಶುರುವಾಗುವುದೇ, ಇನ್ನೂ ಎಷ್ಟು ಕಾಲ, ನನ್ನನ್ನು ಮರೆತೇಬಿಟ್ಟೆಯಾ ಅಂತ. ಕೀರ್ತನೆ 88 ಇನ್ನೂ ಖಾರ. ಉಳಿದ ಎಷ್ಟೋ ದುಃಖದ ಕೀರ್ತನೆಗಳು ಕೊನೆಗೆ ಒಂದು ಸ್ತುತಿಯ ಸಾಲಿಗೆ ಬಂದು ನಿಲ್ಲುತ್ತವೆ. ಇದು ಮಾತ್ರ ಕತ್ತಲಲ್ಲೇ ಮುಗಿಯುತ್ತದೆ. ಅದನ್ನು ಬೈಬಲಿನಿಂದ ಯಾರೂ ತೆಗೆದುಹಾಕಲಿಲ್ಲ.

'ಅಳಬೇಡಿ, ನಂಬಿಕೆ ಇರುವವರು ಅಳಬಾರದು' ಅಂತಾರಲ್ಲ?

ಅವರು ಬೈಬಲಿನಲ್ಲಿ ಪತ್ರಗಳನ್ನು ಬರೆದ ಪೌಲನ ಮಾತನ್ನು ಅರ್ಧ ಓದಿರುತ್ತಾರೆ. ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದಲ್ಲಿ, ಭರವಸೆಯಿಲ್ಲದವರ ಹಾಗೆ ದುಃಖಪಡಬೇಡಿ ಅನ್ನುತ್ತಾನೆ. ದುಃಖವೇ ಪಡಬೇಡಿ ಅನ್ನಲಿಲ್ಲ. ರೋಮಿನವರಿಗೆ ಬರೆದ ಪತ್ರದಲ್ಲಂತೂ ಅಳುವವರ ಜೊತೆ ಅಳಿ ಅಂತ ಅವನೇ ಹೇಳಿದ್ದಾನೆ. ಕೀರ್ತನೆ 56ರಲ್ಲಿ ನಮ್ಮ ಕಣ್ಣೀರನ್ನು ದೇವರು ಬುದ್ದಲಿಯಲ್ಲಿ ತುಂಬಿಡುತ್ತಾನೆ ಅನ್ನುವ ಮಾತಿದೆ. ಬುದ್ದಲಿ ಅಂದರೆ ಚರ್ಮದ ಚೀಲ, ಹಿಂದಿನ ಕಾಲದವರು ನೀರು, ಎಣ್ಣೆ ಇಡುತ್ತಿದ್ದದ್ದು. ಬೆಲೆ ಇಲ್ಲದ್ದನ್ನು ಯಾರಾದರೂ ಬುದ್ದಲಿಯಲ್ಲಿ ತುಂಬಿಡುತ್ತಾರಾ?

ಕಾಫಿ ಕೊಯ್ಲಿನ ಕಾಲ. ಅಳಲೂ ಪುರುಸೊತ್ತಿಲ್ಲ, ಪ್ರಾರ್ಥನೆ ಎಲ್ಲಿಂದ ಮಾಡಲಿ?

ಇದು ಮೂಡಿಗೆರೆ ಕಡೆಯ ತೋಟದಿಂದ ಬಂದ ಪ್ರಶ್ನೆ. ಅಪ್ಪ ತೀರಿಕೊಂಡು ತೋಟ ಮಗಳ ಮೇಲೆ ಬಿದ್ದಿದೆ. ಅರೇಬಿಕಾ ಹಣ್ಣು ಕಾಯುವುದಿಲ್ಲ. ಬೆಳಿಗ್ಗೆ ಆಳು ಹೊಂದಿಸಬೇಕು, ಸಂಜೆ ಹಣ್ಣು ತೂಗಬೇಕು, ಕಣದಲ್ಲಿ ಹರವಿದ್ದನ್ನು ಮಂಜು ಬೀಳುವ ಮೊದಲು ರಾಶಿ ಮಾಡಿ ಮುಚ್ಚಬೇಕು. ಅದರ ನಡುವೆ ಇವಳಿಗೆ ಅಪ್ಪನ ಲೆಕ್ಕದ ಪುಸ್ತಕ ತೆಗೆದರೆ ಅವರ ಅಕ್ಷರ ಕಾಣುತ್ತದೆ.

ಜಪಮಾಲೆ ಪೂರ್ತಿ ಮಾಡಲು ಆಗದಿದ್ದರೆ ಬಿಡಿ. ಮೊದಲ ಕ್ರೈಸ್ತರಿಗೆ ಒಂದೇ ಪದದ ಪ್ರಾರ್ಥನೆ ಇತ್ತು: ಮಾರನಾಥಾ. ಅರಮಾಯಿಕ್ ಮಾತು, ಪ್ರಭುವೇ ಬನ್ನಿ ಅಂತ. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಕೊನೆಯಲ್ಲಿ ಪೌಲ ಅದನ್ನು ಹಾಗೇ ಉಳಿಸಿದ್ದಾನೆ. ಆಗಮನ ಕಾಲದ ಪ್ರಾರ್ಥನೆಯೆಲ್ಲ ಅದರೊಳಗೇ ಇದೆ. ತೂಕದ ಮುಂದೆ ನಿಂತು ಹೇಳಬಹುದು.

ಭರವಸೆ ಅಂದರೆ ಏನು ಅಂತ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದರೆ ತೋಟವೆಲ್ಲ ಒಂದೆರಡು ವಾರದಲ್ಲಿ ಬಿಳಿ. ಹೂವು ನಿಲ್ಲುವುದು ಮೂರ್ನಾಲ್ಕು ದಿನ. ಆಮೇಲೆ ಎಂಟೊಂಬತ್ತು ತಿಂಗಳು ನೋಡಲು ಏನೂ ವಿಶೇಷ ಇಲ್ಲ. ಹಸಿರು ಕಾಯಿ, ಮಳೆ, ಜಿಗಣೆ. ಮಳೆ ಜಾಸ್ತಿಯಾದರೆ ಕಾಯಿ ಉದುರುತ್ತದೆ. ಉದುರಿದ ಕಾಯಿ ಮತ್ತೆ ಗಿಡ ಹತ್ತುವುದಿಲ್ಲ. ಹಾಗಂತ ಉಳಿದ ಗಿಡಕ್ಕೆ ನೆರಳು ಕಡಿಯುವುದನ್ನು, ಗೊಬ್ಬರ ಹಾಕುವುದನ್ನು ಯಾರೂ ನಿಲ್ಲಿಸಲಿಲ್ಲ ಅಲ್ವಾ? ನಿಮ್ಮಪ್ಪನೂ ನಿಲ್ಲಿಸಿರಲಿಲ್ಲ.

ಕ್ಯಾರಲ್ ತಂಡ ನಮ್ಮ ಮನೆಗೆ ಬರುವುದು ಬೇಡ ಅನ್ನಬಹುದಾ?

ಧಾರಾಳವಾಗಿ. ವಾರ್ಡಿನ ಮುಖಂಡರಾದ ಗುರಿಕಾರರಿಗೆ ಒಂದು ಮಾತು ಮುಂಚೆಯೇ ಹೇಳಿ. ಇಲ್ಲವಾದರೆ ರಾತ್ರಿ ಒಂಬತ್ತೂವರೆಗೆ ಡ್ರಮ್, ಗಿಟಾರ್, ಕೆಂಪು ಟೋಪಿಯ ತಾತ ಎಲ್ಲ ಸೇರಿ ಬಾಗಿಲಿಗೆ ಬಂದುಬಿಡುತ್ತಾರೆ. ತಂಡದವರಿಗೂ ಒಂದು ಕಿವಿಮಾತು: ಬೇಡ ಅಂದ ಮನೆಯನ್ನು ಪೂರ್ತಿ ಬಿಟ್ಟು ಹೋಗಬೇಡಿ. ಇಬ್ಬರೇ ಹೋಗಿ. ಒಂದು ನಿಧಾನದ ಹಾಡು ಹೇಳಲಾ ಅಂತ ಕೇಳಿ. ಬೇಡ ಅಂದರೆ ಕೈಮುಗಿದು ಬನ್ನಿ.

ಹುಟ್ಟುವ ಮೊದಲೇ ಮಗುವನ್ನು ಕಳೆದುಕೊಂಡೆ. ಗೋದಲಿಯಲ್ಲಿ ಮಲಗಿಸಿದ ಕೂಸನ್ನು ನೋಡಲು ಆಗುವುದಿಲ್ಲ.

ನೋಡಬೇಡಿ. ಬೇರೆ ಬಾಗಿಲಿಂದ ಒಳಗೆ ಹೋಗಿ. ಯಾರೂ ಏನೂ ಅಂದುಕೊಳ್ಳುವುದಿಲ್ಲ. ಅಂದುಕೊಂಡರೆ ಅದು ಅವರ ಪಾಡು.

ಒಂದು ವಿಷಯ ಮಾತ್ರ ಹೇಳುತ್ತೇನೆ. ಕ್ರಿಸ್‌ಮಸ್ ಆಗಿ ಮೂರನೇ ದಿನ, ಡಿಸೆಂಬರ್ 28, ನಮ್ಮ ಕ್ಯಾಲೆಂಡರಿನಲ್ಲಿ ಸತ್ತ ಮಕ್ಕಳ ದಿನ. ರಾಜ ಹೆರೋದ ಕೊಲ್ಲಿಸಿದ ಬೆತ್ಲೆಹೇಮಿನ ಕಂದಮ್ಮಗಳ ನೆನಪು. ಆ ದಿನದ ಶುಭಸಂದೇಶದಲ್ಲಿ ರಾಖೇಲಳು ಮಕ್ಕಳಿಗಾಗಿ ಅಳುತ್ತಾಳೆ, ಸಮಾಧಾನ ಬೇಡ ಅನ್ನುತ್ತಾಳೆ, ಯಾಕೆಂದರೆ ಅವರು ಇನ್ನಿಲ್ಲ. ಹಬ್ಬದ ಕೇಕ್ ಇನ್ನೂ ಡಬ್ಬಿಯಲ್ಲಿರುವಾಗಲೇ ಈ ಓದು ಬರುತ್ತದೆ. ಸಮಾಧಾನ ಬೇಡ ಅನ್ನುವ ತಾಯಿಗೂ ಕ್ರಿಸ್‌ಮಸ್ ವಾರದಲ್ಲಿ ಜಾಗ ಇದೆ.

ದೀಕ್ಷಾಸ್ನಾನ ಆಗಿರಲಿಲ್ಲವಲ್ಲ ಅಂತ ಕೆಲವು ಅಜ್ಜಿಯರು ಹೆದರಿಸುತ್ತಾರೆ. 1992ರಲ್ಲಿ ಬಂದ ಕಥೋಲಿಕ ಧರ್ಮೋಪದೇಶ ಗ್ರಂಥ ಅಂಥ ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸುತ್ತದೆ, ಅವರ ರಕ್ಷಣೆಗಾಗಿ ಭರವಸೆ ಇಡಲು ಕಾರಣ ಇದೆ ಅನ್ನುತ್ತದೆ. ಮಗುವಿಗೆ ಹೆಸರು ಇಟ್ಟಿದ್ದರೆ ಆ ಹೆಸರು ಹಿಡಿದೇ ಪ್ರಾರ್ಥನೆ ಮಾಡಿ. ಇಟ್ಟಿಲ್ಲದಿದ್ದರೆ ಈಗಲೂ ಇಡಬಹುದು.

ನಮ್ಮವನು ತಾನೇ ಜೀವ ತೆಗೆದುಕೊಂಡ. ಅವನಿಗೂ ಭರವಸೆ ಇದೆಯಾ?

ಇದೆ. ಹಳೆಯ ಕಾಲದ ಮಾತು ಕೇಳಿ ಕೊರಗಬೇಡಿ. 1917ರ ಧರ್ಮಸಭೆಯ ಕಾನೂನಿನಲ್ಲಿ, ಬೇಕಂತಲೇ ಜೀವ ತೆಗೆದುಕೊಂಡವರಿಗೆ ಶವಸಂಸ್ಕಾರ ಇಲ್ಲ ಅಂತ ಇತ್ತು. 1983ರ ಕಾನೂನಿನಲ್ಲಿ ಅದನ್ನು ಕೈಬಿಟ್ಟರು. ಅವರ ನಿತ್ಯಜೀವದ ಬಗ್ಗೆ ನಿರಾಶರಾಗಬಾರದು, ದೇವರಿಗೇ ಗೊತ್ತಿರುವ ದಾರಿಗಳಿವೆ, ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ ಅಂತ ಧರ್ಮೋಪದೇಶ ಗ್ರಂಥದಲ್ಲೇ ಇದೆ. ಅವನ ಹೆಸರಿನಲ್ಲಿ ಪೂಜೆ ಹೇಳಿಸಿ. ಹೆಸರನ್ನು ಮೆಲ್ಲಗೆ ಹೇಳಬೇಕಾಗಿಲ್ಲ.

ಇದನ್ನು ಓದುತ್ತಿರುವ ನಿಮಗೇ ಬದುಕು ಬೇಡ ಅನ್ನಿಸುತ್ತಿದ್ದರೆ, ಈ ಪುಟ ಇಲ್ಲೇ ಬಿಟ್ಟು ಫೋನ್ ತೆಗೆಯಿರಿ. 14416 ಟೆಲಿ ಮನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಮನೆಯಲ್ಲಿ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಪ್ರಾರ್ಥನೆಯೂ ಬೇಕು, ಡಾಕ್ಟರೂ ಬೇಕು. ಒಂದಿದ್ದರೆ ಇನ್ನೊಂದು ಬೇಡ ಅನ್ನುವಂಥದ್ದಲ್ಲ.

ಆಗಮನ ಕಾಲದಲ್ಲಿ ತೀರಿಹೋದವರ ಪೂಜೆ ಇಡಬಹುದಾ?

ಭಾನುವಾರಗಳಲ್ಲಿ ಶವಸಂಸ್ಕಾರದ ಬಲಿಪೂಜೆ ಇಡುವಂತಿಲ್ಲ. ಪೂಜೆಯಿಲ್ಲದೆ ಪ್ರಾರ್ಥನಾವಿಧಿ ನಡೆಸಿ ಮಣ್ಣು ಮಾಡಬಹುದು, ಪೂಜೆ ಬೇರೆ ದಿನ. ಮೊದಲ ವರ್ಷದ ಪೂಜೆಯನ್ನು ವಾರದ ದಿನಗಳಲ್ಲಿ ಇಡಬಹುದು. ಭಾನುವಾರದ ಮಾಮೂಲಿ ಪೂಜೆಯನ್ನೇ ಅವರ ಹೆಸರಿನಲ್ಲಿ ಒಪ್ಪಿಸಲು ತೊಂದರೆ ಇಲ್ಲ. ಆಫೀಸಿನಲ್ಲಿ ಮುಂಚೆಯೇ ಬರೆಸಿ, ಡಿಸೆಂಬರ್‌ನಲ್ಲಿ ಪಟ್ಟಿ ಬೇಗ ತುಂಬುತ್ತದೆ.

'ಅಜ್ಜ ಕ್ರಿಸ್‌ಮಸ್‌ಗೆ ಬರ್ತಾರಾ?' ಅಂತ ಮಗು ಕೇಳುತ್ತದೆ.

ಊರಿಗೆ ಹೋಗಿದ್ದಾರೆ, ಮಲಗಿದ್ದಾರೆ ಅನ್ನಬೇಡಿ. ಮಗು ಬಸ್‌ಸ್ಟ್ಯಾಂಡ್ ಕಡೆ ನೋಡುತ್ತಾ ಕೂರುತ್ತದೆ, ಇಲ್ಲವೇ ಮಲಗಲು ಹೆದರುತ್ತದೆ. ಸತ್ತುಹೋದರು, ಇನ್ನು ಮನೆಗೆ ಬರುವುದಿಲ್ಲ, ಯೇಸುವಿನ ಹತ್ತಿರ ಇದ್ದಾರೆ ಅಂತ ನಂಬಿದ್ದೇವೆ, ನನಗೂ ಅವರ ನೆನಪಾಗುತ್ತದೆ ಅನ್ನಿ. ಅಜ್ಜನ ಪಾಲಿನ ಹಬ್ಬದ ತಿಂಡಿ ಕಲ್ಕಲ್ ತಟ್ಟೆಯಲ್ಲಿಡಬೇಕು ಅಂತ ಮಗು ಹೇಳಿದರೆ ಇಡಿ. ಆಮೇಲೆ ಅದೇ ತಿನ್ನುತ್ತದೆ.

ನಾವು ಕ್ರೈಸ್ತರಲ್ಲ. ಪಕ್ಕದ ಮನೆಯಲ್ಲಿ ಸಾವಾಗಿದೆ, ಅವರ ಹಬ್ಬ ಹತ್ತಿರ ಬಂತು. ಏನು ಮಾಡಬೇಕು?

ಹೋಗಿ. ಬೈಬಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಮೂವರು ಗೆಳೆಯರು ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆಗೆದ ಮೇಲೆ ಕೆಟ್ಟಿತು.

ತೀರಿಹೋದವರ ಹೆಸರು ಹಿಡಿದು ಮಾತಾಡಿ. ಮನೆಯವರು ಬೇಜಾರಾಗುತ್ತಾರೆ ಅಂತ ಹೆಸರೇ ಎತ್ತದವರು ಜಾಸ್ತಿ, ಅದರಿಂದಲೇ ಬೇಜಾರು. 'ಏನಾದರೂ ಬೇಕಾದರೆ ಹೇಳಿ' ಅಂದರೆ ಯಾರೂ ಹೇಳುವುದಿಲ್ಲ. 'ಮಂಗಳವಾರ ಸಾರು ನಾನು ತರ್ತೀನಿ' ಅನ್ನಿ. ಚರ್ಚಿಗೂ ಜೊತೆಯಲ್ಲಿ ಹೋಗಬಹುದು, ಯಾರೂ ತಡೆಯುವುದಿಲ್ಲ. ಪ್ರಸಾದ ಕೊಡುವ ಹೊತ್ತಿಗೆ ಸಾಲಿಗೆ ಹೋಗದೆ ಕೂತಲ್ಲೇ ಕೂತಿರಿ, ಅಷ್ಟು ಸಾಕು. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ತೆರೆಯುವುದನ್ನು ಕಾಯುವ ಊರಿನವರಿಗೆ ಕಾಯುವ ಹಬ್ಬದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಮನೆಯಲ್ಲಿ ಯಾರೂ ಸತ್ತಿಲ್ಲ, ಆದರೂ ಡಿಸೆಂಬರ್ ಬಂದರೆ ನಮ್ಮಮ್ಮ ಅಳುತ್ತಾರೆ. ಊರು ನೆನಪಾಗುತ್ತದಂತೆ.

ಇವರ ತಾಯಿ ಶೆಟ್ಟಿಹಳ್ಳಿ ಕಡೆಯವರು. ಹಾಸನದಿಂದ 20 ಕಿಲೋಮೀಟರ್ ಆಚೀಚೆ, ಹೇಮಾವತಿಯ ಹಿನ್ನೀರಿನಲ್ಲಿ ನಿಂತಿರುವ ಆ ಚರ್ಚಿನ ಫೋಟೋ ನೋಡದವರಿಲ್ಲ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ್ದು. ಗೊರೂರು ಅಣೆಕಟ್ಟೆಯ ನೀರು ನಿಂತ ಮೇಲೆ ಜನ ಎದ್ದುಹೋದರು, ಕಟ್ಟಡ ಉಳಿಯಿತು. ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಮೇಲೆ ಬರುತ್ತದೆ. ಎಲ್ಲರೂ ಅಲ್ಲಿ ನಿಂತು ಫೋಟೋ ತೆಗೆಯುತ್ತಾರೆ. ಅಲ್ಲಿ ದೀಕ್ಷಾಸ್ನಾನ ಪಡೆದವರು, ಅಲ್ಲಿ ಮಣ್ಣಾದವರ ಮಕ್ಕಳು ಇನ್ನೂ ಬದುಕಿದ್ದಾರೆ ಅನ್ನುವುದು ಫೋಟೋದಲ್ಲಿ ಬರುವುದಿಲ್ಲ.

ಊರು ಕಳೆದುಕೊಂಡದ್ದೂ ದುಃಖವೇ. ಆಗಮನ ಕಾಲದ ಎರಡನೇ ಭಾನುವಾರಕ್ಕೆ ಮೂರು ವರ್ಷಕ್ಕೊಮ್ಮೆ ಯೆಶಾಯನ 40ನೇ ಅಧ್ಯಾಯ ಓದುತ್ತಾರೆ. ಸಂತೈಸಿರಿ, ನನ್ನ ಜನರನ್ನು ಸಂತೈಸಿರಿ ಅನ್ನುವ ಭಾಗ. ಅದು ಸತ್ತವರ ಮನೆಗೆ ಬರೆದದ್ದಲ್ಲ. ಊರು ಬಿಡಿಸಿ ಬಾಬಿಲೋನಿಗೆ ಸಾಗಿಸಿದ್ದ ಜನರಿಗೆ ಹೇಳಿದ್ದು. ಅಮ್ಮನಿಗೆ ಅದನ್ನು ಓದಿ ಹೇಳಿ. ನೀರು ಇಳಿದ ಮೇಲೆ ಒಂದು ಸಲ ಕರೆದುಕೊಂಡು ಹೋಗಿ. ಸಂಜೆ ಬೇಡ, ಬೆಳಿಗ್ಗೆ ಹೋಗಿ, ಸೆಲ್ಫಿ ಜನ ಬರುವ ಮುಂಚೆ.

24ರ ರಾತ್ರಿಯ ಪೂಜೆಗೆ ಹೋಗುವ ಧೈರ್ಯ ಇಲ್ಲ. ಎಲ್ಲರೂ ಹೊಸ ಬಟ್ಟೆ ಹಾಕಿಕೊಂಡು, ಕೈಕುಲುಕಿ...

25ರ ಬೆಳಗಿನ ಪೂಜೆಗೆ ಹೋಗಿ. ಜನ ಕಡಿಮೆ, ಹಾಡೂ ಕಡಿಮೆ. ಅದೂ ಆಗದಷ್ಟು ಕಷ್ಟವಾದರೆ ಗುರುಗಳಿಗೆ ಹೇಳಿ, ಅವರೇ ಪ್ರಸಾದ ತೆಗೆದುಕೊಂಡು ಮನೆಗೆ ಬರಬಹುದು. ಕ್ರಿಸ್‌ಮಸ್ ಕಾಲ ಒಂದೇ ರಾತ್ರಿಗೆ ಮುಗಿಯುವುದಿಲ್ಲ. ಜನವರಿಯಲ್ಲಿ ಯೇಸುವಿನ ದೀಕ್ಷಾಸ್ನಾನದ ಹಬ್ಬದವರೆಗೂ ಇರುತ್ತದೆ. ತಡವಾಗಿ ಬಂದರೂ ಗೋದಲಿ ಅಲ್ಲೇ ಇರುತ್ತದೆ.

ಮೊದಲ ವರ್ಷ ನಾನು ಹೋಗಲಿಲ್ಲ. ಎರಡನೇ ವರ್ಷ ಹೋಗಿ ಪ್ರವಚನದ ಹೊತ್ತಿಗೆ ಎದ್ದು ಬಂದೆ. ಹೋದ ವರ್ಷ ಕೊನೆಯ ಬೆಂಚಿನಲ್ಲಿ, ಪಕ್ಕದ ಬಾಗಿಲಿಗೆ ಹತ್ತಿರ ಕೂತಿದ್ದೆ. ಗ್ಲೋರಿಯಾ ಶುರುವಾದಾಗ ಗಂಟೆಗಳೆಲ್ಲ ಒಟ್ಟಿಗೆ ಬಾರಿಸಿದವು. ನನಗೆ ಹಾಡಲು ಬಾಯಿ ಬರಲಿಲ್ಲ. ಆ ಬೆಂಚಿನಲ್ಲಿ ಇನ್ನೂ ಮೂವರು ಇದ್ದರು, ಅವರೂ ಹಾಡುತ್ತಿರಲಿಲ್ಲ. ಒಬ್ಬರು ಸರಿದು ಕೂತು ನನಗೆ ಶಾಲಿನ ಅರ್ಧ ಕೊಟ್ಟರು. ಡಿಸೆಂಬರ್ ಚಳಿ, ಬಾಗಿಲ ಹತ್ತಿರ ಜಾಸ್ತಿಯೇ ಇರುತ್ತದೆ. ಸ್ವೆಟರ್ ಹಾಕಿಕೊಂಡು ಬನ್ನಿ.